ಪಂಪ್ ಎತ್ತುವ ಮೊದಲು ಆಂಪಿಯರ್ ನೋಡಿ

ಈ ಸಲದ ಪತ್ರಗಳೆಲ್ಲ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವು. ಕೆಲವು ಹೊಲದ ಬೋರಿನ ಬಗ್ಗೆ, ಕೆಲವು ತೈಲಬಾವಿಯ ನೌಕರಿಯ ಬಗ್ಗೆ. ಎರಡಕ್ಕೂ ಒಂದೇ ಕಡೆ ಉತ್ತರ ಬರೆದಿದ್ದೇನೆ, ಏಕೆಂದರೆ ವಿದ್ಯೆ ಒಂದೇ. ಪಂಪು ನೆಲದೊಳಗೆ ಕಾಣದ ಜಾಗದಲ್ಲಿ ಇರುತ್ತದೆ. ಮೇಲೆ ನಿಂತವರಿಗೆ ಸಿಗುವುದು ಮೂರು ವೈರು, ಒಂದು ಪೈಪು. ಒಳಗೆ ಏನಾಗಿದೆ ಎಂಬುದನ್ನು ಅವುಗಳಿಂದಲೇ ತಿಳಿಯಬೇಕು.

ಪ್ರಶ್ನೆ: ಸರ್, ಶರಣು. ನಮ್ಮದು ಕಣಗಲಾ. ಮೂರು ಎಕರೆ ಕಬ್ಬು, ಒಂದೇ ಬೋರು. ಆಳ 620 ಅಡಿ, ಮೋಟರ್ ಏಳೂವರೆ ಎಚ್‌ಪಿ. ಬ್ಯಾಸಗಿ ಮುಗಿಯೂದ್ರಾಗ ಎರಡು ಸಲ ಸುಟ್ಟೈತಿ, ಎರಡು ಸಲಾನೂ ರಿವೈಂಡಿಂಗ್ ಮಾಡಿಸೀನಿ. ‘ಇನ್ನ ಇದು ತಾಳಂಗಿಲ್ಲ, ಹೊಸಾದು ತಗೊಂಡು ಬಿಡ್ರಿ’ ಅಂತ ಅಂಗಡಿಯವರು ಹೇಳ್ತಾರ. ಹೊಸಾದು ಸುಡಂಗಿಲ್ಲ ಅಂತ ಏನು ಗ್ಯಾರಂಟಿ?
— ಒಬ್ಬ ರೈತ, ಕಣಗಲಾ

ಉತ್ತರ: ಗ್ಯಾರಂಟಿ ಯಾರೂ ಕೊಡಲಾರರು. ಎರಡು ಸಲ ವೈಂಡಿಂಗ್ ಮಾಡಿಕೊಟ್ಟವರು ಯಾಕೆ ಸುಟ್ಟಿತು ಎಂಬುದನ್ನು ಒಂದು ಸಲವೂ ಹೇಳಿಲ್ಲ. ಸುಟ್ಟ ಕಾರಣ ಲೈನಿನಲ್ಲೋ, ಕೇಬಲಿನಲ್ಲೋ, ಬೋರಿನೊಳಗೋ ಹಾಗೇ ಕೂತಿದೆ. ಅದನ್ನು ಹುಡುಕದೆ ಹೊಸ ಮೋಟರ್ ಇಳಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮೋಟರ್ ಇನ್ನೂ ಬಿಚ್ಚಿಲ್ಲವಾದರೆ, ಬಿಚ್ಚುವ ಹೊತ್ತಿಗೆ ನೀವೇ ಅಂಗಡಿಗೆ ಹೋಗಿ ನಿಲ್ಲಿ. ಸುಟ್ಟ ಸುರುಳಿಗಳನ್ನು ಕಿತ್ತು ಗುಜರಿಗೆ ಹಾಕುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನಿಮ್ಮದು ಮೂರು ವೈರಿನ ಮೋಟರ್ ಆದರೆ ಒಳಗೆ ಸಾಮಾನ್ಯವಾಗಿ ಸ್ಟಾರ್ ಜೋಡಣೆ ಇರುತ್ತದೆ. ಎರಡು ಫೇಸಿನ ಸುರುಳಿ ಕರಕಲಾಗಿ, ಮೂರನೆಯದು ಹೊಸದರಂತೆ ಇದ್ದರೆ ಅದು ಸಿಂಗಲ್ ಫೇಸಿನ ಕೆಲಸ: ಮೋಟರ್ ತಿರುಗುತ್ತಿರುವಾಗ ಒಂದು ಫೇಸ್ ಹೋಗಿದೆ, ಉಳಿದೆರಡು ಆ ಭಾರ ಹೊತ್ತು ಸುಟ್ಟಿವೆ. ಆರು ವೈರಿನ, ಡೆಲ್ಟಾದಲ್ಲಿ ಓಡುವ ಮೋಟರಿನಲ್ಲಿ ಇದೇ ತೊಂದರೆಯಾದರೆ ಒಂದೇ ಫೇಸಿನ ಸುರುಳಿ ಸುಡುತ್ತದೆ. ಮೂರೂ ಫೇಸು ಸಮನಾಗಿ ಬೆಂದಿದ್ದರೆ ಕಡಿಮೆ ವೋಲ್ಟೇಜು, ಹೆಚ್ಚಿನ ಲೋಡು, ಇಲ್ಲವೇ ಮೋಟರಿಗೆ ತಂಪು ಸಿಕ್ಕಿಲ್ಲ ಎಂದು ಅರ್ಥ. ಎಲ್ಲ ಚೆನ್ನಾಗಿದ್ದು ಒಂದೇ ಒಂದು ಕಡೆ ತೂತು ಬಿದ್ದಂತೆ ಕರಗಿದ್ದರೆ ಸಿಡಿಲಿನ ಹೊಡೆತವೋ ಆ ಜಾಗದ ಇನ್ಸುಲೇಶನ್ ಪೆಟ್ಟಾಗಿದ್ದೋ ಕಾರಣ. ಐದು ನಿಮಿಷದ ಈ ನೋಟಕ್ಕೆ ಖರ್ಚಿಲ್ಲ. ಆದರೂ ನಮ್ಮಲ್ಲಿ ಇದನ್ನು ನೋಡುವವರು ಕಡಿಮೆ.

ಸಿಂಗಲ್ ಫೇಸ್ ಎಂದು ಗೊತ್ತಾದರೆ ಪ್ಯಾನಲ್ ಬೋರ್ಡಿನ ಸಿಂಗಲ್ ಫೇಸ್ ಪ್ರಿವೆಂಟರ್ ಕೆಲಸ ಮಾಡುತ್ತಿದೆಯೇ ನೋಡಿಸಿ. ‘ಪದೇ ಪದೇ ಟ್ರಿಪ್ ಆಗ್ತದ’ ಎಂದು ಅದನ್ನು ಬೈಪಾಸ್ ಮಾಡಿಟ್ಟ ಹೊಲಗಳು ಬೇಕಾದಷ್ಟಿವೆ. ಅದರ ಜೊತೆಗೆ ಆಟೋ ಸ್ಟಾರ್ಟರ್ ಇದ್ದುಬಿಟ್ಟರೆ, ರಾತ್ರಿ ಕರೆಂಟ್ ಬಂದೊಡನೆ ಯಾರೂ ಇಲ್ಲದಾಗ ಮೋಟರ್ ಎರಡೇ ಫೇಸಿನಲ್ಲಿ ಎಳೆದುಕೊಂಡು ಬೆಳಗಾಗುವುದರೊಳಗೆ ಸುಟ್ಟಿರುತ್ತದೆ.

ಮೂರೂ ಸಮನಾಗಿ ಬೆಂದಿದ್ದರೆ ಕೇಬಲಿನ ದಪ್ಪ ನೋಡಿ. ಪಂಪ್ 560 ಅಡಿಗೆ ಇಳಿಸಿ, ಬೋರಿನಿಂದ ಸ್ಟಾರ್ಟರಿಗೆ ಇನ್ನೂ 140 ಅಡಿ ಎಂದುಕೊಳ್ಳೋಣ. ಒಟ್ಟು 700 ಅಡಿ. 15 ಆಂಪಿಯರ್ ಎಳೆಯುವ ಮೋಟರಿಗೆ ಎರಡೂವರೆ ಎಂಎಂ ಕೇಬಲ್ ಹಾಕಿದರೆ ದಾರಿಯಲ್ಲೇ 35 ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಆರು ಎಂಎಂ ಹಾಕಿದರೆ 15ರ ಆಸುಪಾಸು. ಮೇಲೆ ಬೋರ್ಡಿನಲ್ಲಿ 370 ತೋರಿಸುವ ದಿನ ಕೆಳಗಿನ ಮೋಟರಿಗೆ 335 ಕೂಡ ಸಿಗುವುದಿಲ್ಲ. ಅದು ಮಾಡುವ ಕೆಲಸ ಕಡಿಮೆಯಾಗದು, ಆದ್ದರಿಂದ ಆಂಪಿಯರ್ ಹೆಚ್ಚಿಸಿಕೊಳ್ಳುತ್ತದೆ, ಕಾಯುತ್ತದೆ.

ತಂಪಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಮೋಟರ್ ನೀರಿನಲ್ಲಿ ಮುಳುಗಿದ್ದರಷ್ಟೇ ಸಾಲದು, ಅದರ ಮೈ ಸವರಿಕೊಂಡು ನೀರು ಹರಿಯಬೇಕು. ಪಂಪು ನೀರು ಹೀರುವ ಜಾಲರಿ ಮೋಟರಿನ ಮೇಲಿದೆ. ನಿಮ್ಮ ಕಡೆಯದು ಕರಿಕಲ್ಲಿನ ನೆಲ, ನೀರು ಬರುವುದು ಕಲ್ಲಿನ ಸೀಳುಗಳಿಂದ. ಸೆಲೆ 300 ಅಡಿಯಲ್ಲಿದ್ದು ಮೋಟರ್ 560ರಲ್ಲಿದ್ದರೆ ಮೇಲಿನಿಂದ ಇಳಿದ ನೀರು ನೇರ ಜಾಲರಿಗೆ ಹೋಗುತ್ತದೆ. ಮೋಟರಿನ ಸುತ್ತಲ ನೀರು ನಿಂತಲ್ಲೇ ನಿಂತು ಬಿಸಿಯಾಗುತ್ತದೆ. ಬೋರಿನಲ್ಲಿ ಜಾಗವಿದ್ದರೆ ಮೋಟರಿಗೆ ಪಿವಿಸಿ ಪೈಪಿನ ಕವಚ ತೊಡಿಸಬಹುದು. ಆಗ ನೀರು ಕೆಳಗಿಳಿದು, ಮೋಟರ್ ಸವರಿ ಮೇಲೆ ಬರಲೇಬೇಕು. ಜಾಗವಿಲ್ಲದಿದ್ದರೆ, ನೀರಿನ ಮಟ್ಟ ಬಿಟ್ಟುಕೊಟ್ಟರೆ, ಪಂಪನ್ನೇ ಸೆಲೆಯ ಮೇಲಕ್ಕೆ ತನ್ನಿ. ಬೋರ್ ಕೊರೆಸಿದಾಗ ಯಾವ ಅಡಿಯಲ್ಲಿ ನೀರು ಬಂತು ಎಂದು ಬರೆದಿಟ್ಟಿದ್ದರೆ ಈಗ ಅದು ಉಪಯೋಗಕ್ಕೆ ಬರುತ್ತದೆ.

ಮತ್ತೆ ಇಳಿಸಿ ಚಾಲು ಮಾಡಿದ ದಿನ ಟಾಂಗ್ ಟೆಸ್ಟರ್ ಇರುವವರನ್ನು ಕರೆಸಿ ಮೂರೂ ವೈರಿನ ಆಂಪಿಯರ್, ಮೂರೂ ಜೋಡಿಯ ವೋಲ್ಟೇಜ್ ಬರೆಸಿಕೊಳ್ಳಿ. ಒಂದು ವೈರಿನಲ್ಲಿ ಆಂಪಿಯರ್ ಹೆಚ್ಚಿದ್ದರೆ ತಪ್ಪು ಮೇಲೋ ಕೆಳಗೋ ಎಂದು ಹುಡುಕಲು ಸುಲಭದ ದಾರಿ ಇದೆ. ಮೇನ್ ತೆಗೆದು, ಬೋರಿಗೆ ಇಳಿಯುವ ಮೂರು ವೈರುಗಳನ್ನೂ ಒಂದೊಂದು ಜಾಗ ಮುಂದಕ್ಕೆ ಸರಿಸಿ ಕಟ್ಟಬೇಕು: ಮೊದಲನೆಯದು ಎರಡನೆಯದರ ಜಾಗಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮೊದಲಿನದಕ್ಕೆ. ತಿರುಗುವ ದಿಕ್ಕು ಬದಲಾಗದು. ಹೆಚ್ಚಿನ ಆಂಪಿಯರ್ ಮೊದಲಿದ್ದ ಲೈನಿನಲ್ಲೇ ಉಳಿದರೆ ದೋಷ ಲೈನಿನದು, ಮೋಟರ್ ಎತ್ತಬೇಡಿ. ವೈರಿನ ಜೊತೆಗೇ ಸರಿದರೆ ಕೇಬಲ್ ಅಥವಾ ಮೋಟರಿನದು. ಲೈನಿನ ವೋಲ್ಟೇಜು ನೂರಕ್ಕೆ ಒಂದರಷ್ಟು ಏರುಪೇರಾದರೆ ಆಂಪಿಯರಿನ ಏರುಪೇರು ಅದರ ಆರರಿಂದ ಹತ್ತು ಪಟ್ಟು ಆಗಬಲ್ಲದು. ಸಣ್ಣದೆಂದು ಬಿಡುವ ಹಾಗಿಲ್ಲ.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ. ರೈತರಿಗೆ ಅದು ದೊಡ್ಡ ಆಸರೆ. ಆದರೆ ಅದರೊಂದಿಗೆ ಮೀಟರಿನ ಮುಳ್ಳು ನೋಡುವ ರೂಢಿಯೂ ಹೋಯಿತು ಎಂಬುದು ನನ್ನ ಅನಿಸಿಕೆ. ಬೋರ್ಡಿನ ಆಂಪಿಯರ್ ಮೀಟರ್ ಕೆಟ್ಟು ವರ್ಷವಾದರೂ ಯಾರೂ ಬದಲಿಸುವುದಿಲ್ಲ. ದಯವಿಟ್ಟು ಬದಲಿಸಿ.

ಪ್ರಶ್ನೆ: ಸರ್, ನಾನೂ ಕಣಗಲಾದವನೇ. ಡಿಪ್ಲೊಮಾ ಇಲೆಕ್ಟ್ರಿಕಲ್ ಕೊನೆಯ ವರ್ಷ. ಸಂಕೇಶ್ವರದಲ್ಲಿ ನಮ್ಮ ಕಾಕಾನ ರಿವೈಂಡಿಂಗ್ ಅಂಗಡಿ ಇದೆ, ರಜೆಯಲ್ಲಿ ಅಲ್ಲೇ ಇರುತ್ತೇನೆ. ತೈಲಬಾವಿಯಲ್ಲೂ ಸಬ್‌ಮರ್ಸಿಬಲ್ ಪಂಪು ಇರುತ್ತವೆ, ಅದನ್ನು ನಡೆಸುವ ಎಂಜಿನಿಯರಿಗೆ ಒಳ್ಳೆಯ ಪಗಾರ ಎಂದು ಕೇಳಿದೆ. ಅಲ್ಲಿ ಏನು ಕಲಿಸುತ್ತಾರೆ? ನಮ್ಮಂಥವರಿಗೆ ಅದು ಆಗುವ ಮಾತೇ?
— ವಿದ್ಯಾರ್ಥಿ

ಉತ್ತರ: ಆಗುವ ಮಾತೇ, ತಮ್ಮಾ. ಕಾಕಾನ ಅಂಗಡಿಯಲ್ಲಿ ಕೈ ಮಸಿ ಮಾಡಿಕೊಂಡವನಿಗೆ ಆ ತರಗತಿಯಲ್ಲಿ ಅರ್ಧ ಪಾಠ ಮೊದಲೇ ಗೊತ್ತಿರುತ್ತದೆ.

ಈ ಪಂಪು ಹುಟ್ಟಿದ್ದೇ ತೈಲಕ್ಕಾಗಿ ದುಡಿದ ಒಬ್ಬ ಎಂಜಿನಿಯರಿನ ಕೈಯಲ್ಲಿ. 1893ರಲ್ಲಿ ತಿಫ್ಲಿಸ್‌ನಲ್ಲಿ, ಅಂದರೆ ಇಂದಿನ ಜಾರ್ಜಿಯಾದ ಟಿಬಿಲಿಸಿಯಲ್ಲಿ, ಹುಟ್ಟಿದ ಆರ್ಮಾಯಿಸ್ ಅರುತ್ಯುನೋಫ್ 1923ರಲ್ಲಿ ಅಮೆರಿಕಕ್ಕೆ ಹೋದರು. ಮೋಟರನ್ನೇ ಬಾವಿಗೆ ಇಳಿಸುವ ಅವರ ವಿಚಾರಕ್ಕೆ ಬೆಂಬಲ ಸಿಗಲು ವರ್ಷಗಳು ಹಿಡಿದವು. 1928ರಲ್ಲಿ ಕಾನ್ಸಾಸ್‌ನ ಎಲ್ ಡೊರಾಡೊ ತೈಲಕ್ಷೇತ್ರದಲ್ಲಿ ಪಂಪು ಇಳಿಯಿತು. ಓಕ್ಲಹಾಮಾದ ಬಾರ್ಟಲ್ಸ್‌ವಿಲ್ ಊರಿನಲ್ಲಿ ಅವರು ಕಟ್ಟಿದ ‘ರೆಡಾ’ ಕಂಪನಿಯ ಹೆಸರು ಇಂದಿಗೂ ಆ ಪಂಪುಗಳ ಮೇಲಿದೆ.

ಹೊಲದ ಪಂಪಿನಂತೆ ಅಲ್ಲಿಯೂ ಮೋಟರ್ ಕೆಳಗೆ, ಹೀರುವ ಬಾಯಿ ಅದರ ಮೇಲೆ, ಅದರ ಮೇಲೆ ಒಂದರ ಮೇಲೊಂದು ಸ್ಟೇಜುಗಳು. ವ್ಯತ್ಯಾಸ ಎಲ್ಲಿ ಎಂದರೆ, ನಿಮ್ಮ ಕಾಕಾ ಸುತ್ತುವ ಮೋಟರಿನಲ್ಲಿ ಸಾಮಾನ್ಯವಾಗಿ ನೀರು ತುಂಬಿರುತ್ತದೆ. ಅಲ್ಲಿನ ಮೋಟರಿನಲ್ಲಿ ಎಣ್ಣೆ ಇರುತ್ತದೆ. ಬಾವಿಯ ಉಪ್ಪುನೀರು ಒಂದು ಹನಿ ಒಳಗೆ ಹೋದರೂ ವೈಂಡಿಂಗ್ ಉಳಿಯದು. ಹಾಗಾಗಿ ಮೋಟರಿಗೂ ಪಂಪಿಗೂ ನಡುವೆ ಪ್ರೊಟೆಕ್ಟರ್ ಎಂಬ ಭಾಗ ಕೂರಿಸುತ್ತಾರೆ. ಮೋಟರ್ ಕಾದಾಗ ಉಬ್ಬುವ ಎಣ್ಣೆಗೆ ಜಾಗ ಕೊಡುವುದು, ಆರಿದಾಗ ಹೊರಗಿನ ದ್ರವವನ್ನು ಒಳಗೆ ಬಿಡದಿರುವುದು, ಒಳಗಿನ ಹೊರಗಿನ ಒತ್ತಡ ಸಮ ಮಾಡುವುದು, ಪಂಪಿನ ಶಾಫ್ಟಿನ ಭಾರ ಹೊರುವುದು, ಎಲ್ಲ ಅದರದೇ ಕೆಲಸ. ತರಬೇತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವ ಭಾಗ ಇದು. ಹಿಡಿಯಲೂ ಬೇಕು.

ಇನ್ನು ಬಾವಿ ಕಿಲೋಮೀಟರುಗಟ್ಟಲೆ ಆಳ, ಒಳಗೆ ಸುಡುವ ಬಿಸಿ. ಬೋರು ಸಣ್ಣದಾದ್ದರಿಂದ ಮೋಟರ್ ಬಡಕಲಾಗಿ, ಮೂವತ್ತು ಅಡಿಯವರೆಗೂ ಉದ್ದವಾಗಿರುತ್ತದೆ. ವೋಲ್ಟೇಜು ಸಾವಿರದ ಲೆಕ್ಕದಲ್ಲಿ. ಕೇಬಲ್ ಗುಂಟ ಗ್ಯಾಸ್ ಮೇಲೇರಿ ಪ್ಯಾನಲಿಗೆ ಹೋಗದಂತೆ, ನಡುವೆ ಗಾಳಿಯಾಡುವ ಜಂಕ್ಷನ್ ಬಾಕ್ಸ್ ಇಡುತ್ತಾರೆ. ಅದರ ಬಾಗಿಲು ಮುಚ್ಚಿ ಗಾಳಿ ಕಟ್ಟಿಬಿಟ್ಟರೆ ಸ್ಫೋಟವಾಗಬಹುದು. ಇಂಥ ವಿಷಯಗಳನ್ನು ಮೊದಲ ದಿನವೇ ಕಲಿಸುತ್ತಾರೆ.

ತರಬೇತಿ ಒಂದು ಕೋಣೆಯಲ್ಲಿ ಮುಗಿಯುವುದಲ್ಲ. ಬಾವಿ ಎಷ್ಟು ಕೊಡಬಲ್ಲದು, ಅದಕ್ಕೆ ಯಾವ ಪಂಪು ಹೊಂದುತ್ತದೆ ಎಂಬ ಲೆಕ್ಕ ತರಗತಿಯಲ್ಲಿ. ಬಿಚ್ಚುವುದು, ಜೋಡಿಸುವುದು, ಶಾಫ್ಟ್ ಕೈಯಲ್ಲಿ ಹಗುರವಾಗಿ ತಿರುಗುತ್ತದೆಯೇ ಎಂದು ನೋಡುವುದು ವರ್ಕ್‌ಶಾಪಿನಲ್ಲಿ. ಕೇಬಲ್ ಜಾಯಿಂಟ್ ಕಟ್ಟುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಬೆವರಿನ ಕೈ, ಹಾರುವ ಮರಳು, ಒದ್ದೆ ಟೇಪು, ಯಾವುದಾದರೂ ಒಂದು ಸಾಕು, ಆ ಜಾಯಿಂಟ್ ಕೆಳಗೆ ಹೋಗಿ ಕೈಕೊಡುತ್ತದೆ. ಆಮೇಲೆ ರಿಗ್ಗಿನ ಮೇಲೆ ನಿಂತು ಪೈಪಿಗೆ ಕೇಬಲ್ ಬಿಗಿಯುತ್ತ ಇಳಿಸುವುದು. ನಡುನಡುವೆ ನಿಲ್ಲಿಸಿ ಮೆಗ್ಗರ್ ಹಾಕಿ ಇನ್ಸುಲೇಶನ್ ನೋಡುವುದು.

ಕಡೆಯ ಪಾಠ ಚಾರ್ಟ್ ಓದುವುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ. ಹಿಂದೆಲ್ಲ ಗುಂಡನೆಯ ಕಾಗದದ ಮೇಲೆ ಪೆನ್ನು ಆಂಪಿಯರ್ ಗೆರೆ ಎಳೆಯುತ್ತಿತ್ತು. ಈಗ ಪರದೆಯ ಮೇಲೆ ಬರುತ್ತದೆ. ಗೆರೆ ನಯವಾಗಿ ದುಂಡಗೆ ಹೋದರೆ ಪಂಪು ಸುಖವಾಗಿದೆ. ಆಂಪಿಯರ್ ನಿಧಾನವಾಗಿ ಇಳಿಯುತ್ತ ಹೋಗಿ ಪಂಪು ನಿಂತು, ಮತ್ತೆ ಚಾಲು ಮಾಡಿದಾಗ ಸ್ವಲ್ಪ ಹೊತ್ತಿಗೇ ಮತ್ತೆ ಇಳಿದು ನಿಂತರೆ ಬಾವಿ ಕೊಡುವುದಕ್ಕಿಂತ ಪಂಪು ಹೆಚ್ಚು ಎಳೆಯುತ್ತಿದೆ. ಬೇಸಿಗೆಯಲ್ಲಿ ಬತ್ತುವ ಬೋರಿನ ಆಂಪಿಯರ್ ನೋಡಿದವನಿಗೆ ಇದು ಹೊಸದಲ್ಲ. ಇಳಿಯುವಾಗ ಗೆರೆ ಗರಗಸದಂತೆ ನಡುಗಿದರೆ ಪಂಪಿನೊಳಗೆ ಗ್ಯಾಸ್ ಹೊಕ್ಕಿದೆ. ದಿನೇ ದಿನೇ ಏರುತ್ತ ಟ್ರಿಪ್ ಆದರೆ ಮರಳೋ ಗಟ್ಟಿ ಕಿಟ್ಟವೋ ಇಂಪೆಲ್ಲರನ್ನು ಹಿಡಿಯುತ್ತಿದೆ. ಏರುಪೇರು ಪಕ್ಕದ ಬಾವಿಯ ಚಾರ್ಟಿನಲ್ಲೂ ಅದೇ ಗಳಿಗೆಗೆ ಇದ್ದರೆ ಲೈನನ್ನು ಅನುಮಾನಿಸಬೇಕು. ಟ್ರಿಪ್ ಆದೊಡನೆ ಬಟನ್ ಒತ್ತುವವನನ್ನು ಆ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಮೊದಲು ಇನ್ಸುಲೇಶನ್, ಆಮೇಲೆ ಫೇಸಿನಿಂದ ಫೇಸಿಗೆ ರೆಸಿಸ್ಟನ್ಸ್, ಚಾರ್ಟ್, ಆಮೇಲೆ ಬಟನ್. ಇಲ್ಲಿ ಪಂಪ್ ಎತ್ತಲು ಮೂರುಗಾಲಿನ ಚೈನ್ ಪುಲ್ಲಿ, ನಾಲ್ಕು ಆಳು ಸಾಕು. ಅಲ್ಲಿ ರಿಗ್ ತರಿಸಬೇಕು, ಎತ್ತಿ ಇಳಿಸುವವರೆಗೆ ಬಾವಿಯಿಂದ ಒಂದು ಹನಿ ತೈಲವಿಲ್ಲ. ಅದಕ್ಕೇ ಮೇಲೆ ನಿಂತು ಓದಬಲ್ಲವನಿಗೆ ಅಷ್ಟು ಬೆಲೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹೆಸರಾದ ಜಾಗಗಳಲ್ಲಿ ರಾಜಸ್ಥಾನದ ಬಾಡಮೇರ್ ಒಂದು. ಅಲ್ಲಿನ ಮಂಗಲಾ ಕ್ಷೇತ್ರ 2004ರಲ್ಲಿ ಪತ್ತೆಯಾಯಿತು, 2009ರಲ್ಲಿ ಉತ್ಪಾದನೆ ಶುರುವಾಯಿತು. ಮೇಣದಂತೆ ಗಟ್ಟಿಯಾಗುವ ತೈಲ. ಕೊಳವೆಯನ್ನು ಬಿಸಿ ಮಾಡುತ್ತ ಸಾಗಿಸಬೇಕು. ಒಎನ್‌ಜಿಸಿಯ ತೈಲ ಉತ್ಪಾದನಾ ತಂತ್ರಜ್ಞಾನದ ಸಂಸ್ಥೆ ಮುಂಬೈ ಹತ್ತಿರದ ಪನ್ವೆಲ್‌ನಲ್ಲಿದೆ. ಕರ್ನಾಟಕದಲ್ಲಿ ತೈಲಬಾವಿ ಇಲ್ಲ, ಆದರೆ ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆ ಕೊರೆದ ಗುಹೆಗಳಲ್ಲಿ ದೇಶದ ತುರ್ತು ಬಳಕೆಗೆ ಕಚ್ಚಾ ತೈಲ ಇಟ್ಟಿದ್ದಾರೆ. ಮಂಗಳೂರಿನದು 15 ಲಕ್ಷ ಟನ್ ಹಿಡಿಯುತ್ತದೆ, ಪಾದೂರಿನದು 25 ಲಕ್ಷ. ಆ ಗುಹೆಗಳಿಂದ ತೈಲ ಮೇಲೆ ತರುವುದೂ ಸಬ್‌ಮರ್ಸಿಬಲ್ ಪಂಪೇ.

ನೇರವಾಗಿ ಹೇಳಬೇಕಾದ ಒಂದು ಮಾತಿದೆ. ಎಂಜಿನಿಯರ್ ಹುದ್ದೆಗೆ ಸಾಮಾನ್ಯವಾಗಿ ಪದವಿ ಕೇಳುತ್ತಾರೆ, ಡಿಪ್ಲೊಮಾದವರಿಗೆ ಟೆಕ್ನಿಷಿಯನ್ ದಾರಿ. ಮನೆಯ ಪರಿಸ್ಥಿತಿ ಬಿಟ್ಟುಕೊಟ್ಟರೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರು. ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್ ಈ ಪಂಪುಗಳಿಗೇ ಬರೆದ 11ಎಸ್ ಎಂಬ ಮಾರ್ಗಸೂಚಿಗಳ ಸಾಲು ಇದೆ. ನಡೆಸುವುದು, ದೋಷ ಹುಡುಕುವುದು, ಬಿಚ್ಚಿ ಪರೀಕ್ಷಿಸುವುದು ಎಲ್ಲ ಅದರಲ್ಲಿವೆ. ಸಿಕ್ಕರೆ ಓದು. ನಿನ್ನ ತಾಲ್ಲೂಕಿನಲ್ಲಿ 1969ರಿಂದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಸಹಕಾರಿ ಸಂಘವೇ ವಿದ್ಯುತ್ ಹಂಚುವ ತಾಲ್ಲೂಕು ರಾಜ್ಯದಲ್ಲಿ ಇನ್ನೊಂದಿಲ್ಲ. ಅಲ್ಲಿ ಲೈನ್ ಮೇಲೆ ದುಡಿದ ಹಿರಿಯರ ಹತ್ತಿರ ಕೂತು ಟಿಸಿ (ಟ್ರಾನ್ಸ್‌ಫಾರ್ಮರ್), ಅರ್ತಿಂಗ್, ಫೇಸ್ ಬಗ್ಗೆ ಕೇಳಿಕೋ. ಪುಸ್ತಕದಲ್ಲಿ ಇಲ್ಲದ್ದು ಅವರಲ್ಲಿದೆ.

ಪ್ರಶ್ನೆ: ನಾವು ಸೋಲಾರ್ ಪಂಪ್ ಹಾಕಿಸೇವಿ. ಮುಂಜಾನೆ ಮೋಟರ್ ತಿರುಗೂ ಸಪ್ಪಳ ಬರ್ತದ, ನೀರು ಬರಂಗಿಲ್ಲ. ಹತ್ತು ಗಂಟೆ ಮ್ಯಾಲ ಬರ್ತದ. ಪಂಪ್ ಕೆಟ್ಟೈತೇನು?
— ರೈತ, ಗೋಕಾಕ ತಾಲ್ಲೂಕು

ಉತ್ತರ: ಕೆಟ್ಟಿಲ್ಲ. ಬಿಸಿಲು ಕಡಿಮೆ ಇದ್ದಾಗ ಕಂಟ್ರೋಲರ್ ಮೋಟರನ್ನು ನಿಧಾನ ತಿರುಗಿಸುತ್ತದೆ. 50 ಹರ್ಟ್ಸ್‌ಗೆ ಬದಲು 40 ಹರ್ಟ್ಸ್‌ನಲ್ಲಿ ತಿರುಗಿದರೆ ಪಂಪು ನೀರು ಎತ್ತಬಲ್ಲ ಎತ್ತರ ನೂರಕ್ಕೆ 64ಕ್ಕೆ ಇಳಿಯುತ್ತದೆ. ಪೂರ್ತಿ ವೇಗದಲ್ಲಿ ಹೆಚ್ಚೆಂದರೆ 500 ಅಡಿ ಎತ್ತುವ ಪಂಪು ಆಗ 320 ಅಡಿಗೇ ಸುಸ್ತು. ನಿಮ್ಮ ನೀರು 350 ಅಡಿಯಲ್ಲಿದ್ದರೆ ಸುಮಾರು 42 ಹರ್ಟ್ಸ್ ದಾಟುವವರೆಗೆ ಹನಿಯೂ ಬರುವುದಿಲ್ಲ. ಅಷ್ಟು ಹೊತ್ತು ಪಂಪು ಒಳಗಿನ ನೀರನ್ನೇ ಕಡೆಯುತ್ತ ಬಿಸಿ ಮಾಡುತ್ತಿರುತ್ತದೆ, ಅದು ಒಳ್ಳೆಯದಲ್ಲ. ನೀರು ಬೀಳಲು ಶುರುವಾದ ಗಳಿಗೆಗೆ ಪರದೆಯ ಮೇಲೆ ಎಷ್ಟು ಹರ್ಟ್ಸ್ ಇದೆ ಎಂದು ಬರೆದುಕೊಂಡು, ಅದಕ್ಕಿಂತ ಕೆಳಗೆ ಮೋಟರ್ ಓಡದಂತೆ ಸೆಟ್ ಮಾಡಿಸಿ. ಪ್ಯಾನಲ್ ಮೇಲಿನ ಧೂಳನ್ನೂ ತೊಳೆಯಿರಿ.

ಪ್ರಶ್ನೆ: ಟಿಸಿ ರಿಪೇರಿ ಆದ ಮ್ಯಾಲ ನೀರು ಅರ್ಧಕ್ಕ ಇಳದೈತಿ. ಪಂಪ್ ಎತ್ತೂಣೇನು?
— ಮೂಡಲಗಿ

ಉತ್ತರ: ಎತ್ತಬೇಡಿ. ಫೇಸ್ ಅದಲು ಬದಲಾಗಿ ಮೋಟರ್ ಉಲ್ಟಾ ತಿರುಗುತ್ತಿರಬೇಕು. ಮೇನ್ ತೆಗೆಸಿ, ಯಾವುದಾದರೂ ಎರಡು ವೈರು ಅದಲು ಬದಲು ಮಾಡಿಸಿ, ನೀರು ಹೆಚ್ಚು ಬಂದ ದಿಕ್ಕೇ ಸರಿ. ನಡುವೆ ಐದು ನಿಮಿಷ ಬಿಡಿ. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ಸೋರುತ್ತಿದ್ದರೆ ಪೈಪಿನ ನೀರು ಕೆಳಗಿಳಿಯುತ್ತ ಪಂಪನ್ನು ಹಿಂದಕ್ಕೆ ತಿರುಗಿಸುತ್ತಿರುತ್ತದೆ, ಆಗಲೇ ಚಾಲು ಮಾಡಿದರೆ ಶಾಫ್ಟ್ ಮುರಿಯಬಹುದು. ತೈಲಬಾವಿಯಲ್ಲೂ ಇದೇ ಭಯ. ಹಿಂತಿರುಗುವುದು ನಿಲ್ಲುವವರೆಗೆ ಚಾಲು ಆಗದಂತೆ ತಡೆಯುವ ರಿಲೇ ಅಲ್ಲಿ ಇಟ್ಟಿರುತ್ತಾರೆ.

ಪ್ರಶ್ನೆ: ಅಣ್ಣಾರ, ಮಗಳು ಇಲೆಕ್ಟ್ರಿಕಲ್ ಬಿಇ ಮುಗಿಸ್ಯಾಳ. ತೈಲಕ್ಷೇತ್ರಕ್ಕ ಹೋಗ್ತೀನಿ ಅಂತಾಳ. ಹೆಣ್ಮಕ್ಕಳಿಗೆ ಅಲ್ಲಿ ಕೆಲಸ ಕೊಡ್ತಾರೇನ್ರಿ?
— ತಾಯಿ, ಹುಕ್ಕೇರಿ

ಉತ್ತರ: ಕೊಡುತ್ತಾರೆ ಅಕ್ಕಾರ, ಕಳಿಸಿರಿ. ಕಾನೂನಿನ ಲೆಕ್ಕದಲ್ಲಿ ತೈಲಬಾವಿಯೂ ಗಣಿಯೇ. 1952ರ ಗಣಿ ಕಾಯ್ದೆ ಹೆಣ್ಣುಮಕ್ಕಳಿಗೆ ಅಲ್ಲಿ ರಾತ್ರಿ ಪಾಳಿಯನ್ನು ತಡೆದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿ, ಅವರ ಲಿಖಿತ ಒಪ್ಪಿಗೆ ಪಡೆದು, ಭದ್ರತೆಯ ಏರ್ಪಾಡು ಮಾಡಿ ರಾತ್ರಿ ಕೆಲಸಕ್ಕೂ ಇಟ್ಟುಕೊಳ್ಳಬಹುದು ಎಂದಿತು. ಹದಿನಾಲ್ಕು ದಿನ ಕೆಲಸ, ಹದಿನಾಲ್ಕು ದಿನ ರಜೆ ಎಂಬ ಪಾಳಿ ಅಲ್ಲಿ ಸಾಮಾನ್ಯ. ಬಿಸಿಲು, ಗದ್ದಲ, ಮನೆಯಿಂದ ದೂರ, ಇವು ಗಂಡುಮಕ್ಕಳಿಗೂ ಅಷ್ಟೇ ಕಷ್ಟ. ಚಾರ್ಟ್ ಓದಿ ದೋಷ ಹಿಡಿಯುವುದಕ್ಕೆ ಬೇಕಾದದ್ದು ತಾಳ್ಮೆ, ಲೆಕ್ಕ. ನೌಕರಿ ಕೊಡುವವರು ವಸತಿ, ವೈದ್ಯಕೀಯ ವ್ಯವಸ್ಥೆ, ಬಾವಿಗೆ ಹೋಗಿಬರುವ ಗಾಡಿ ಹೇಗಿಟ್ಟಿದ್ದಾರೆ ಎಂದು ಸೇರುವ ಮೊದಲು ಅವಳೇ ಕೇಳಲಿ. ಕೇಳುವುದು ಅವಳ ಹಕ್ಕು.

ಪ್ರಶ್ನೆ: ನನ್ನದು ರಿವೈಂಡಿಂಗ್ ಅಂಗಡಿ. ಹುಡುಗರು ಸುತ್ತುವುದನ್ನು ಬೇಗ ಕಲಿಯುತ್ತಾರೆ, ಆದರೆ ದೋಷ ಹುಡುಕುವುದು ಬರುವುದಿಲ್ಲ. ಹೇಗೆ ಕಲಿಸಲಿ?
— ಸಂಕೇಶ್ವರ

ಉತ್ತರ: ಈ ಪ್ರಶ್ನೆ ಕೇಳಿದ ಅಂಗಡಿಯವರು ನೀವೊಬ್ಬರೇ, ನಿಮಗೆ ಕೃತಜ್ಞತೆ. ಒಂದು ದಪ್ಪ ರಿಜಿಸ್ಟರ್ ತನ್ನಿ. ಬಂದ ಪ್ರತಿ ಮೋಟರಿಗೆ ಒಂದು ಪುಟ: ಯಾವ ಊರು, ಬೋರಿನ ಆಳ, ಪಂಪ್ ಇದ್ದ ಆಳ, ಕೇಬಲ್ ಉದ್ದ ದಪ್ಪ, ಎಷ್ಟು ತಿಂಗಳು ಓಡಿತು, ನಿಲ್ಲುವ ಮೊದಲು ಏನು ಕಂಡಿತು. ಕೊನೆಯದನ್ನು ರೈತರಿಂದ ಕೇಳಿಯೇ ಬರೆಯಬೇಕು, ಹುಡುಗರೇ ಕೇಳಲಿ. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ.

ಮೋಟರಿಗಷ್ಟೇ ನಿಲ್ಲದೆ ಪಂಪನ್ನೂ ಬಿಚ್ಚಿಸಿ. ಇಂಪೆಲ್ಲರುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಡಿಸಿ. ಎಲ್ಲ ಒಂದೇ ಸಮ ಸವೆದು ಹೊಳೆಯುತ್ತಿದ್ದರೆ ಮರಳು. ಕೆಳಮೈ ಹೆಚ್ಚು ಸವೆದಿದ್ದರೆ ನೀರು ಕಡಿಮೆ ಇರುವ ಬೋರಿನಲ್ಲಿ ಅಥವಾ ವಾಲ್ವ್ ಬಿಗಿ ಮಾಡಿ ಓಡಿಸಿದ್ದಾರೆ, ಇಂಪೆಲ್ಲರುಗಳು ಕೆಳಕ್ಕೆ ಒತ್ತಿಕೊಂಡಿವೆ. ಮೇಲ್ಮೈ ಸವೆದಿದ್ದರೆ ನೀರು ಮೇಲೇ ಇರುವ ಬೋರಿಗೆ ಹೆಚ್ಚು ಸ್ಟೇಜಿನ ಪಂಪ್ ಹಾಕಿದ್ದಾರೆ, ನೀರು ಅಳತೆ ಮೀರಿ ನುಗ್ಗಿ ಇಂಪೆಲ್ಲರುಗಳನ್ನು ಮೇಲಕ್ಕೆ ತಳ್ಳಿದೆ. ಮೊದಲು ಹುಡುಗನೇ ಕಾರಣ ಹೇಳಲಿ, ಆಮೇಲೆ ನೀವು. ತೈಲ ಕಂಪನಿಗಳ ವರ್ಕ್‌ಶಾಪಿನಲ್ಲೂ ಎತ್ತಿ ತಂದ ಪಂಪನ್ನು ಹೀಗೇ ಬಿಚ್ಚಿ, ಹೀಗೇ ಬರೆಯುತ್ತಾರೆ.

ಅಂಗಡಿಯಲ್ಲಿ ಮೆಗ್ಗರ್ ಇಲ್ಲದಿದ್ದರೆ ಈ ತಿಂಗಳೇ ತನ್ನಿ, 500 ವೋಲ್ಟಿನದು ಸಾಕು. ಟೆಸ್ಟ್ ಲ್ಯಾಂಪ್ ಹತ್ತಲಿಲ್ಲ ಎಂದರೆ ಇನ್ಸುಲೇಶನ್ ಚೆನ್ನಾಗಿದೆ ಎಂದಲ್ಲ. ನೀರಿನ ಡ್ರಮ್ಮಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಬೆಳಿಗ್ಗೆ ಮೆಗ್ಗರ್ ಓದಿ, ಆ ಅಂಕಿಯನ್ನು ಬಿಲ್ಲಿನ ಮೇಲೆ ಬರೆದುಕೊಡಿ. ಮುಂದಿನ ಸಲ ಅದೇ ಮೋಟರ್ ಬಂದಾಗ ಎಲ್ಲಿಂದ ಹುಡುಕಬೇಕು ಎಂಬುದು ನಿಮಗೂ ರೈತರಿಗೂ ಗೊತ್ತಿರುತ್ತದೆ.